ದೊಡ್ಡ ಕುಕ್ರಿ, ಸಣ್ಣ ಕುಕ್ರಿ

ಕಳೆದ ದೀಪಾವಳಿಯ ಊಟದ ದಿನ ಅಡುಗೆಮನೆಯ ಕೆಲಸಕ್ಕೆ ಬಂದಿದ್ದ ಸದಸ್ಯರಿಗೆ ಈ ಪ್ರಸಂಗ ನೆನಪಿರಬಹುದು. ಚಟ್ನಿಗೆ, ಹುಳಿಗೆ, ಕೋಸಂಬರಿಗೆ ಎಂದು ಇಪ್ಪತ್ತು ತೆಂಗಿನಕಾಯಿ ತಂದಿಟ್ಟಿದ್ದೆವು. ಒಡೆಯಲು ಮಾತ್ರ ಯಾರ ಬಳಿಯೂ ಕತ್ತಿ ಇಲ್ಲ! ಬಾಡಿಗೆ ಹಾಲಿನ ಡ್ರಾಯರಿನಲ್ಲಿ ಇದ್ದದ್ದು ಬೆಣ್ಣೆ ಹಚ್ಚುವ ಚಾಕುಗಳು. ಆಗ ನಾವು ಬಹಳ ಜಂಭದಿಂದ, ಕಠ್ಮಂಡುವಿನಿಂದ ತಂದಿದ್ದ ನಮ್ಮ ಸಣ್ಣ ಕುಕ್ರಿಯನ್ನು ಹೊರತೆಗೆದೆವು. ಐದಂಗುಲದ ಅಲಗು, ಕೆತ್ತನೆಯ ಹಿಡಿ, ಕಪ್ಪು ತೊಗಲಿನ ಒರೆ. ಮಾರಿದ ಅಂಗಡಿಯವರು 'ಅಡುಗೆಗೂ ಆಯಿತು, ಕ್ಯಾಂಪಿಂಗಿಗೂ ಆಯಿತು' ಎಂದು ಹೇಳಿಯೇ ಕೊಟ್ಟಿದ್ದರು. ಕಾಯಿಯ ಮೇಲೆ ಬೀಸಿದರೆ ಅದು ರಬ್ಬರ್ ಚೆಂಡಿನಂತೆ ಪುಟಿದು ವಾಪಸು ಬಂತು. ಹೋಗಲಿ, ಕ್ಯಾರೆಟ್ಟಾದರೂ ಹೆಚ್ಚೋಣವೆಂದರೆ ಅದು ಹೆಚ್ಚಲಿಲ್ಲ, ಸೀಳಿತು. ಒಂದು ತುಂಡು ಸಿಂಕಿಗೆ, ಇನ್ನೊಂದು ಖಜಾಂಚಿಗಳ ಸೀರೆಗೆ.

ಅಂದಿನ ಅತಿಥಿಗಳಲ್ಲಿ ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರಿದ್ದರು. ಪೂರ್ವ ನೇಪಾಳದವರು, ಬ್ರಿಟಿಷ್ ಸೈನ್ಯದ ಗೂರ್ಖಾ ಪಡೆಯಿಂದ ನಿವೃತ್ತರಾದವರು. ಅವರ ಕಡೆಯ ಹುಡುಗರು ಕರೆಯುವಂತೆ ನಾವೂ ಅವರನ್ನು 'ಗುರೂಜಿ' ಎನ್ನುತ್ತೇವೆ. ಅವರು ನಮ್ಮ ಕೈಯಿಂದ ಆ ವಸ್ತುವನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. "ಇದು ಕುಕ್ರಿ ಅಲ್ಲ, ಕುಕ್ರಿಯ ಫೋಟೋ" ಎಂದರು. ಮನೆಗೆ ಹೋಗಿ ತಮ್ಮದನ್ನು ಟವೆಲಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟು ತಂದರು. ಅಲಗಿನ ಬೆನ್ನಿನಿಂದ ಒಂದೊಂದು ಪೆಟ್ಟು. ಹತ್ತು ನಿಮಿಷದಲ್ಲಿ ಇಪ್ಪತ್ತು ಕಾಯಿ ನಲವತ್ತು ಹೋಳು. ಆಮೇಲೆ ಅದರ ಒರೆಯ ಹಿಂಬದಿಯಿಂದ ಕಿರುಬೆರಳಿಗಿಂತ ಸ್ವಲ್ಪ ದೊಡ್ಡದಾದ ಇನ್ನೊಂದು ಚಾಕು ಎಳೆದು, ಚಿಪ್ಪಿನಿಂದ ಕೊಬ್ಬರಿಯನ್ನು ಬಿಡಿಸಿ ತೋರಿಸಿದರು. ಅಂದಿನಿಂದ ನಮಗೆ ಈ ಕುಕ್ರಿಯ ಹುಚ್ಚು ಹಿಡಿಯಿತು. ದೊಡ್ಡ ಕತ್ತಿಯೊಂದನ್ನು ಸಣ್ಣದು ಮಾಡುವುದು ಇಷ್ಟು ಕಷ್ಟವೇ? ಓದಿ, ಕೇಳಿ, ವಿಂಚೆಸ್ಟರಿನ ಗೂರ್ಖಾ ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕುಕ್ರಿ ಎಂದರೆ ಎಲ್ಲರಿಗೂ ಯುದ್ಧದ ಆಯುಧವೆಂದೇ ಗೊತ್ತು. ಆದರೆ ಅದು ಮೊದಲು ಬೆಟ್ಟದ ರೈತನ ಮನೆಗತ್ತಿ. ಕಠ್ಮಂಡುವಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, 1559ರಲ್ಲಿ ಗೋರ್ಖಾ ರಾಜ್ಯವನ್ನು ಕಟ್ಟಿದ ದ್ರವ್ಯ ಶಾಹನದು ಎಂದು ಹೇಳಲಾಗುವ ಕುಕ್ರಿಯಿದೆ. ಇಂಗ್ಲಿಷರಲ್ಲಿ ಇದನ್ನು ಮೊದಮೊದಲು ವಿವರಿಸಿದವರಲ್ಲಿ ಒಬ್ಬ ಕರ್ನಲ್ ಕರ್ಕ್‌ಪ್ಯಾಟ್ರಿಕ್. ಈತ 1793ರಲ್ಲಿ ನೇಪಾಳಕ್ಕೆ ಹೋಗಿಬಂದು, 1811ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಪ್ರತಿಯೊಬ್ಬ ನೇಪಾಳಿಯ ಸೊಂಟದಲ್ಲೂ ಇದನ್ನು ಕಂಡೆನೆಂದು ಬರೆದ. ಇದರ ಮುಖ್ಯ ಕೆಲಸ ಸಣ್ಣ ಮರ, ಪೊದೆ ಕಡಿಯುವುದು, ಕೊಂಬೆ ಸವರುವುದು ಎಂದೂ ಸೇರಿಸಿದ. ಮಲೆನಾಡಿನ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ಸೊಪ್ಪು ಕಡಿಯಲು, ಬೇಲಿ ಸವರಲು, ದಾರಿ ಬಿಡಿಸಲು ಸೊಂಟದಲ್ಲಿ ಸಿಕ್ಕಿಸಿಕೊಂಡು ಹೊರಡುವ ಕತ್ತಿಯ ಅಣ್ಣನೋ ತಮ್ಮನೋ ಇದು.

ಇದರ ಆಕಾರವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಹಿಡಿಯಿಂದ ಸ್ವಲ್ಪ ದೂರ ನೆಟ್ಟಗೆ ಹೋಗಿ, ಮೊಣಕೈ ಬಾಗಿದಂತೆ ಮುಂದಕ್ಕೆ ಬಾಗುತ್ತದೆ. ಬಾಗಿದ ಮೇಲೆ ಅಲಗು ಅಗಲವಾಗಿ ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಅಂದರೆ ಭಾರವೆಲ್ಲ ತುದಿಯ ಕಡೆಗೆ. ಬೀಸಿದಾಗ ಕೊಡಲಿಯ ತಲೆಯಂತೆ ಆ ಹೊಟ್ಟೆ ಕೆಲಸ ಮಾಡುತ್ತದೆ. ಬಾಗಿದ್ದರಿಂದ ಅಂಚು ಮರದ ಮೇಲೆ ನೇರ ಬೀಳದೆ ಸ್ವಲ್ಪ ಜಾರುತ್ತ ಕೊಯ್ಯುತ್ತದೆ. ಹಿಡಿಯ ಹತ್ತಿರ ಒಂದು ಪುಟ್ಟ ಕಚ್ಚು ಇರುತ್ತದೆ. ಅದು ಶಿವನ ತ್ರಿಶೂಲ, ಗೋವಿನ ಗೊರಸು, ರಕ್ತ ತೊಟ್ಟಿಕ್ಕುವ ಜಾಗ ಎಂದು ತಲೆಗೊಂದು ವಿವರಣೆ. ಗುರೂಜಿಯವರನ್ನು ಕೇಳಿದರೆ, "ಎಲ್ಲಿವರೆಗೆ ಮಸೆಯಬೇಕು ಅಂತ ಗುರುತು" ಎಂದರು. ಒರೆಯಿಂದ ತೆಗೆದರೆ ರಕ್ತ ಕಾಣದೆ ಹಿಂದಿಡಬಾರದು ಎಂಬ ಕತೆಯನ್ನೂ ಕೇಳಿದೆವು. ಹಾಗಿದ್ದರೆ ದಿನಾ ಸೌದೆ ಒಡೆಯುವವರ ಗತಿಯೇನು, ಎಂದು ಅವರೇ ನಮ್ಮನ್ನು ತಿರುಗಿ ಕೇಳಿದರು.

ಮನೆಗತ್ತಿ ಪಲ್ಟನ್ನಿನ ಕತ್ತಿಯಾಗಿ ಇಂಗ್ಲಿಷರ ಕಣ್ಣಿಗೆ ಬಿದ್ದದ್ದು 1814ರಿಂದ 1816ರವರೆಗೆ ನಡೆದ ನೇಪಾಳ ಯುದ್ಧದಲ್ಲಿ. ಡೆಹ್ರಾಡೂನಿನ ಬಳಿಯ ಖಲಂಗಾ ಕೋಟೆಯನ್ನು ಬಲಭದ್ರ ಕುಂವರನ ಕೈಕೆಳಗೆ ಸುಮಾರು 600 ಜನ, ಹೆಂಗಸರು ಮಕ್ಕಳೂ ಸೇರಿ, ಒಂದು ತಿಂಗಳು ಹಿಡಿದು ನಿಂತರು. 1814ರ ಅಕ್ಟೋಬರ್ 31ರಂದು ಅದರ ಗೋಡೆಯ ಮುಂದೆ ಸತ್ತ ಇಂಗ್ಲಿಷ್ ಸೇನಾಪತಿ ರೋಲೋ ಗಿಲೆಸ್ಪಿ. ಈ ಹೆಸರು ನಮ್ಮವರಿಗೂ ಸಂಬಂಧವಿಲ್ಲದ್ದಲ್ಲ. 1806ರಲ್ಲಿ ವೆಲ್ಲೂರು ಕೋಟೆಯ ಸಿಪಾಯಿಗಳು ದಂಗೆಯೆದ್ದು, ಅಲ್ಲಿ ಬಂಧನದಲ್ಲಿದ್ದ ಟಿಪ್ಪುವಿನ ಮಕ್ಕಳ ಹೆಸರಿನಲ್ಲಿ ಮೈಸೂರಿನ ಹುಲಿಯ ಬಾವುಟ ಹಾರಿಸಿದಾಗ, ಆರ್ಕಾಟಿನಿಂದ ಕುದುರೆ ಓಡಿಸಿಕೊಂಡು ಬಂದು ಅದನ್ನು ನಿರ್ದಯವಾಗಿ ಅಡಗಿಸಿದವನು ಇವನೇ. ವೆಲ್ಲೂರಿನಲ್ಲಿ ಗೆದ್ದವನು ಖಲಂಗಾದಲ್ಲಿ ಮುಗಿದ. ಯುದ್ಧ ಮುಗಿಯುವ ಮೊದಲೇ, 1815ರಲ್ಲಿ, ಕಂಪನಿ ಸರಕಾರ ಈ ಶತ್ರುಗಳನ್ನೇ ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳಲು ಶುರುಮಾಡಿತು. ಖಲಂಗಾದಲ್ಲಿ ಎರಡು ಸ್ಮಾರಕ ಸ್ತಂಭಗಳನ್ನೂ ನೆಟ್ಟಿತು, ಒಂದು ತಮ್ಮವರಿಗೆ, ಇನ್ನೊಂದು ಎದುರಾಳಿಗಳಿಗೆ.

ಆ ಕಾಲದ ಕುಕ್ರಿಗಳು ಈಗಿನವುಗಳಿಗಿಂತ ಉದ್ದ. ಇದು ಹೇಗೆ ಗೊತ್ತು ಎಂದರೆ ಅದೊಂದು ಸ್ವಾರಸ್ಯದ ಕತೆ. ನೇಪಾಳ ಸರಕಾರದ ಹಳೆಯ ಆಯುಧಗಳೆಲ್ಲ ಕಠ್ಮಂಡುವಿನ ಲಗನ್ ಸಿಲೇಖಾನೆ ಎಂಬ ಹಳೆಯ ಅರಮನೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಅವನ್ನು ರಾಶಿಗಟ್ಟಲೆ ಕೊಂಡು ಸಾಗಿಸಿದರು. ಬಂದೂಕುಗಳ ಜೊತೆಗೆ ಸಾವಿರಾರು ಕುಕ್ರಿಗಳೂ ಹೊರಬಂದವು. ಎಲೆಯಂತೆ ನೀಳವಾದ ಒಂದು ಜಾತಿ, ತುದಿಯಿಂದ ಹಿಡಿಯವರೆಗೆ 18-19 ಇಂಚು. ಅಗಲ ಹೊಟ್ಟೆಯ ಭೋಜಪುರೆ ಎಂಬ ಇನ್ನೊಂದು ಜಾತಿ, ಸುಮಾರು 17 ಇಂಚು. ಈಗ ಬ್ರಿಟಿಷ್ ಗೂರ್ಖಾ ಸಿಪಾಯಿಗೆ ಕೊಡುವ ಕುಕ್ರಿಯ ಅಲಗು ಹತ್ತು ಹನ್ನೊಂದು ಇಂಚು ಮಾತ್ರ, ಹಿಡಿ ಸೇರಿ ಒಂದು ಮೊಳಕ್ಕೂ ಕಡಿಮೆ. ದಸಾಯಿಂ ಹಬ್ಬದಲ್ಲಿ ಕೋಣದ ಬಲಿಗೆ ಎತ್ತುವ ಕತ್ತಿಗಳೇ ಬೇರೆ. ಎರಡು ಕೈಯಲ್ಲಿ ಹಿಡಿದು ಬೀಸುವಂಥ ಅವನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಸೈನ್ಯದ ಕುಕ್ರಿ ಚಿಕ್ಕದಾದದ್ದಕ್ಕೆ ಕಾರಣ ದೊಡ್ಡ ಗುಟ್ಟೇನಲ್ಲ. ಬಂದೂಕು ಬಂದ ಮೇಲೆ ಕುಕ್ರಿ ಎರಡನೆಯ ಆಯುಧವಾಯಿತು, ಬಹುಪಾಲು ಸಮಯ ಆಯುಧವೂ ಅಲ್ಲ. ಎರಡು ಮಹಾಯುದ್ಧಗಳಲ್ಲಿ ಲಕ್ಷಕ್ಕೂ ಹೆಚ್ಚು ಗೂರ್ಖಾಗಳು ಪ್ರತಿಸಲವೂ ದುಡಿದರು. ಗುಡಾರದ ಗೂಟ ಕೆತ್ತುವುದು, ಕಾಡಿನಲ್ಲಿ ದಾರಿ ಮಾಡುವುದು, ಬಂಕರಿಗೆ ಮರ ಕಡಿಯುವುದು, ಡಬ್ಬಿ ತೆರೆಯುವುದು, ಈರುಳ್ಳಿ ಹೆಚ್ಚುವುದು ಎಲ್ಲಕ್ಕೂ ಅದೇ ಕತ್ತಿ. ಇಡೀ ದಿನ ಬೆನ್ನ ಮೇಲೆ ಮೂಟೆ, ಹೆಗಲಲ್ಲಿ ಬಂದೂಕು ಹೊತ್ತವನಿಗೆ ಸೊಂಟದ ಒಂದೊಂದು ತೊಲವೂ ಲೆಕ್ಕವೇ. ಗುರೂಜಿ ಹೇಳಿದ ಇನ್ನೊಂದು ಸಂಗತಿ: ಪ್ರತಿ ಸಿಪಾಯಿಗೂ ಎರಡು ಕುಕ್ರಿ ಕೊಡುತ್ತಾರೆ. ಹೊಳಪು ಕೊಟ್ಟದ್ದು ಪರೇಡಿಗೆ, ಒರಟಾದದ್ದು ಕೆಲಸಕ್ಕೆ. ನಮ್ಮ ಮನೆಗಳಲ್ಲಿ ರೇಷ್ಮೆ ಸೀರೆ, ವಾಯಿಲ್ ಸೀರೆ ಇದ್ದ ಹಾಗೆ.

ಈಗ ನಮ್ಮ ಐದಂಗುಲದ 'ಫೋಟೋ' ವಿಷಯಕ್ಕೆ ಬರೋಣ. ಸ್ವಲ್ಪ ಹೈಸ್ಕೂಲಿನ ಲೆಕ್ಕ ಬೇಕು, ಕ್ಷಮಿಸಿ. ಹತ್ತಿಂಚಿನ ಅಲಗಿನ ಒಳ್ಳೆಯ ಕುಕ್ರಿ ಸುಮಾರು ಅರ್ಧ ಕಿಲೋ ತೂಗುತ್ತದೆ. ಉದ್ದ, ಅಗಲ, ದಪ್ಪ ಮೂರನ್ನೂ ಅರ್ಧ ಮಾಡಿದರೆ ತೂಕ ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಾಗುತ್ತದೆ: 60 ಗ್ರಾಮು ಚಿಲ್ಲರೆ. ಒಂದು ದೊಡ್ಡ ಕೋಳಿಮೊಟ್ಟೆಯ ತೂಕ. ಮೊಟ್ಟೆಯಿಂದ ತೆಂಗಿನಕಾಯಿ ಒಡೆಯಲು ಹೊರಟರೆ ಏನಾಗಬೇಕೋ ಅದೇ ನಮಗೆ ಆಗಿತ್ತು. ಇನ್ನೊಂದು ಕಡೆ, ದೊಡ್ಡ ಕುಕ್ರಿಯ ಬೆನ್ನು ಹಿಡಿಯ ಹತ್ತಿರ ಎಂಟು ಒಂಬತ್ತು ಮಿಲಿಮೀಟರ್ ದಪ್ಪ. ಅರ್ಧ ಮಾಡಿದರೂ ನಾಲ್ಕಕ್ಕೆ ಮೇಲೆ ಉಳಿಯಿತು. ಅಡುಗೆಮನೆಯ ಚಾಕುವಿನ ಬೆನ್ನು ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ನಾಲ್ಕು ಮಿಲಿಮೀಟರಿನ ಬೆಣೆ ಕ್ಯಾರೆಟ್ಟಿನೊಳಗೆ ಹೋದರೆ ಕ್ಯಾರೆಟ್ ಸೀಳದೆ ಇನ್ನೇನು ಮಾಡೀತು? ಒಟ್ಟಿನಲ್ಲಿ ಕಾಯಿಗೆ ತೀರ ಹಗುರ, ಕ್ಯಾರೆಟ್ಟಿಗೆ ತೀರ ದಪ್ಪ. ಜೊತೆಗೆ ಆ ಬಾಗು ಬೇರೆ. ಬೀಸುವಾಗ ಅನುಕೂಲವಾದ ಬಾಗು ಮಣೆಯ ಮೇಲೆ ಹೆಚ್ಚುವಾಗ ಬೆರಳ ಗೆಣ್ಣುಗಳನ್ನು ಹಲಗೆಗೆ ಕುಟ್ಟುತ್ತದೆ.

ದೊಡ್ಡದು ತನ್ನ ತೂಕದಿಂದ ಕೆಲಸ ಮಾಡುತ್ತದೆ, ಸಣ್ಣದು ತನ್ನ ಅಂಚಿನಿಂದ. ಆದ್ದರಿಂದ ದೊಡ್ಡದನ್ನು ಹಾಗೆಯೇ ಕುಗ್ಗಿಸಿದರೆ ಎರಡೂ ಕೈಬಿಡುತ್ತವೆ. ಇದನ್ನು ನಾವು ಕ್ಯಾಲ್ಕ್ಯುಲೇಟರ್ ಹಿಡಿದು ಕಂಡುಕೊಂಡೆವು. ನೇಪಾಳದ ಕಮ್ಮಾರರು ಕೈಯಲ್ಲೇ ಕಂಡುಕೊಂಡಿದ್ದರು ಎನ್ನುವುದಕ್ಕೆ ಸಾಕ್ಷಿ ಕುಕ್ರಿಯ ಒರೆಯ ಹಿಂದಿನ ಎರಡು ಜೇಬುಗಳಲ್ಲಿದೆ. ಒಂದರಲ್ಲಿರುವುದು ಚಕ್‌ಮಕ್: ಮೊಂಡು ಉಕ್ಕಿನ ತುಂಡು, ಬೆಣಚುಕಲ್ಲಿಗೆ ತೀಡಿ ಕಿಡಿ ಹೊರಡಿಸಲು, ಅಲಗಿನ ಅಂಚು ನೆಟ್ಟಗೆ ಮಾಡಲು. ಇನ್ನೊಂದರಲ್ಲಿರುವುದು ಕರ್ದ, ಅಂದರೆ ಗುರೂಜಿ ಕೊಬ್ಬರಿ ಬಿಡಿಸಿದ ಆ ಪುಟ್ಟ ಚಾಕು. ನೋಡಿ ಎಷ್ಟು ಸೊಗಸು! ಇದರ ಹಿಡಿ ದೊಡ್ಡದರ ಹಿಡಿಯ ತದ್ರೂಪು. ಆದರೆ ಅಲಗಿನಲ್ಲಿ ಆ ಹೆಸರುವಾಸಿ ಬಾಗೂ ಇಲ್ಲ, ಹೊಟ್ಟೆಯೂ ಇಲ್ಲ. ತೆಳ್ಳಗೆ, ಬಹುಮಟ್ಟಿಗೆ ನೆಟ್ಟಗೆ, ಎರಡು ಮೂರು ಇಂಚು. ಕಮ್ಮಾರ ದೊಡ್ಡದನ್ನು ಕುಗ್ಗಿಸಲಿಲ್ಲ; ದೊಡ್ಡದಕ್ಕೆ ಆಗದ ಕೆಲಸ ಯಾವುದೆಂದು ಕೇಳಿಕೊಂಡು ಅದಕ್ಕೊಂದು ಬೇರೆ ಚಾಕು ಮಾಡಿದ.

ನೇಪಾಳದ ಅಡುಗೆಮನೆಯಲ್ಲೂ ಹೀಗೆಯೇ. ಅಲ್ಲಿ ತರಕಾರಿಗೆ, ಮಾಂಸಕ್ಕೆ ಬಳಸುವುದು ಚುಲೇಸಿ ಎಂಬ ಕಾಲಲ್ಲಿ ಒತ್ತಿ ಹಿಡಿಯುವ ಬಾಗಿದ ಅಲಗು. ಚಿತ್ರ ನೋಡಿದ ಕೂಡಲೇ ನಮ್ಮ ಬಾಯಿಂದ ಬಂದದ್ದು 'ಅಯ್ಯೋ, ಇದು ನಮ್ಮ ಈಳಿಗೆ ಮಣೆ!' ಕತ್ತಿಯನ್ನು ನೆಲಕ್ಕೆ ಕಟ್ಟಿಹಾಕಿ ತರಕಾರಿಯನ್ನೇ ಅದರ ಬಳಿಗೆ ಒಯ್ದರೆ ಭಾರದ ಪ್ರಶ್ನೆಯೇ ಏಳುವುದಿಲ್ಲ. ಈ ದೇಶದಲ್ಲಿ ನಿಂತು ಅಡುಗೆ ಮಾಡುವ ನಮಗೆ ಈಳಿಗೆ ಮಣೆ ಅಟ್ಟ ಸೇರಿದೆ, ಆ ಮಾತು ಬೇರೆ.

ಸಣ್ಣ ಕುಕ್ರಿ ಎಂಬುದೇ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಒಳ್ಳೆಯ ಕೆಲಸಗಾರರು ಮಾಡಿದ ಆರು ಏಳು ಇಂಚಿನ ಅಲಗುಗಳನ್ನು ಆಮೇಲೆ ಗುರೂಜಿಯವರ ಪರಿಚಯದವರ ಮನೆಗಳಲ್ಲಿ ನೋಡಿದೆವು. ಅವುಗಳಲ್ಲಿ ಬಾಗು ಅರ್ಧಕ್ಕರ್ಧ ಕಡಿಮೆ. ಬೆನ್ನನ್ನು ಹಿಡಿಯಿಂದ ತುದಿಗೆ ಹೋಗುತ್ತ ತೆಳ್ಳಗೆ ಬಡಿದಿರುತ್ತಾರೆ. ಹೊಟ್ಟೆ ಮಾತ್ರ ಇದ್ದಷ್ಟೇ ಅಗಲ, ಆದ್ದರಿಂದ ಅಲಗು ಗಿಡ್ಡವಾದರೂ ತುದಿಯಲ್ಲಿ ಅಷ್ಟಿಷ್ಟು ತೂಕ ಉಳಿಯುತ್ತದೆ. ಹಿಡಿಯನ್ನು ಮಾತ್ರ ಕುಗ್ಗಿಸುವುದೇ ಇಲ್ಲ, ಏಕೆಂದರೆ ಕೈ ಅದೇ ಕೈ ತಾನೆ? ನಮ್ಮದರಲ್ಲಿ ಹಿಡಿಯನ್ನೂ ಕುಗ್ಗಿಸಿದ್ದರು. ಮೂರು ಬೆರಳಿಗಷ್ಟೇ ಜಾಗ. ಅಲಗಿನ ಬಾಲ ಹಿಡಿಯೊಳಗೆ ಎರಡಂಗುಲ ಹೋಗಿ ಅರಗಿನಲ್ಲಿ ನಿಂತಿತ್ತು ಎನ್ನುವುದು ದೀಪಾವಳಿ ಕಳೆದು ವಾರದಲ್ಲಿ ಹಿಡಿ ಕೈಗೆ ಬಂದಾಗ ಗೊತ್ತಾಯಿತು.

ಇಂಥ ಯೋಚನೆ ನೇಪಾಳಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಬಳಗದ ಕೊಡಗಿನ ಸದಸ್ಯರು ಇದನ್ನು ಓದುತ್ತ 'ನಮ್ಮದೂ ಹೀಗೆಯೇ' ಎನ್ನುತ್ತಿರಬೇಕು. ಕೊಡವರ ಒಡಿಕತ್ತಿ ಕುಕ್ರಿಯಂತೆಯೇ ಮುಂದಕ್ಕೆ ಬಾಗಿದ, ಅಗಲವಾದ, ಒಳಬದಿಯಲ್ಲಿ ಹರಿತವಾದ ಭಾರಿ ಅಲಗು. ಒರೆಯಿಲ್ಲ, ಬೆನ್ನ ಹಿಂದೆ ತೋಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸಿಕೊಳ್ಳುವುದು. ಮದುವೆಯಲ್ಲಿ ಬಾಳೆಯ ಕಂಬವನ್ನು ಒಂದೇ ಏಟಿಗೆ ತುಂಡರಿಸುವುದು ಅದರಿಂದಲೇ. ಸೊಂಟದ ಕೆಂಪು ಚೇಲೆಗೆ ಮುಂದೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಒಡಿಕತ್ತಿಯ ಮರಿಯಲ್ಲ. ಅದರ ರೂಪವೇ ಬೇರೆ: ಗಿಡ್ಡ ಅಲಗು, ಬೆಳ್ಳಿಯ ಕೆಲಸದ ಒರೆ, ಸರಪಳಿ. ದೊಡ್ಡದಕ್ಕೆ ಜೊತೆಯಾಗಿ ಸಣ್ಣದು ಇರಬೇಕು, ಆದರೆ ದೊಡ್ಡದರ ನಕಲಾಗಬಾರದು ಎಂಬುದು ಅಲ್ಲೂ ಕಾಣುತ್ತದೆ. ಈಗ ಪೀಚೆಕತ್ತಿಯ ಆಕಾರದ ಬ್ರೂಚ್‌ಗಳು ಬಂದಿವೆ, ಸೀರೆಗೆ ಚೆನ್ನಾಗಿ ಒಪ್ಪುತ್ತವೆ. ಅವುಗಳಿಂದ ಕಾಯಿ ಒಡೆಯುವ ಆಸೆ ಯಾರಿಗೂ ಇಲ್ಲವಾದ್ದರಿಂದ ಜಗಳವಿಲ್ಲ.

ನಾವಿರುವ ಈ ದೇಶದಲ್ಲೂ ನೋಡಿ. ಸ್ಕಾಟ್ಲೆಂಡಿನ ಬೆಟ್ಟದವರ ಡರ್ಕ್ ಎಂಬ ಉದ್ದ ಚೂರಿಯ ಒರೆಯಲ್ಲಿ ಒಂದು ಪುಟ್ಟ ಚಾಕು, ಒಂದು ಫೋರ್ಕು ಇರುತ್ತಿದ್ದವು, ಥೇಟ್ ಕುಕ್ರಿಯ ಕರ್ದ, ಚಕ್‌ಮಕ್‌ಗಳಂತೆ. 1746ರಲ್ಲಿ ಕಲೋಡನ್ ಸೋಲಿನ ನಂತರ ಸರಕಾರ ಅವರ ಆಯುಧಗಳನ್ನು ಕಿತ್ತುಕೊಂಡಿತು. ಹಳೆಯ ಖಡ್ಗಗಳ ಅಲಗನ್ನು ಕತ್ತರಿಸಿ ಮಾಡಿದ ಡರ್ಕ್‌ಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ.

ಕತ್ತಿ ಎಷ್ಟು ಸಣ್ಣದಿರಬೇಕು ಎಂಬುದನ್ನು ಈಗ ಇಲ್ಲಿ ಕಮ್ಮಾರನಿಗಿಂತ ಹೆಚ್ಚಾಗಿ ಕಾನೂನು ತೀರ್ಮಾನಿಸುತ್ತದೆ. 1988ರ ಕಾಯಿದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕಾರಣವಿಲ್ಲದೆ ಇಟ್ಟುಕೊಳ್ಳಬಹುದಾದದ್ದು ಮಡಚುವ ಚಾಕು ಮಾತ್ರ, ಅದರ ಹರಿತ ಅಂಚು ಮೂರು ಇಂಚಿಗೆ ಮೀರಬಾರದು. ತೆರೆದಾಗ ಗಟ್ಟಿಯಾಗಿ ಲಾಕ್ ಆಗುವ ಚಾಕು ಈ ವಿನಾಯಿತಿಗೆ ಬರುವುದಿಲ್ಲವೆಂದು 1993ರಲ್ಲಿ ಕೋರ್ಟು ಹೇಳಿದೆ. ಅದಕ್ಕಿಂತ ದೊಡ್ಡದಕ್ಕೆ ತಕ್ಕ ಕಾರಣ ಬೇಕು: ಕೆಲಸ, ಧರ್ಮ, ಅಥವಾ ರಾಷ್ಟ್ರೀಯ ಉಡುಪು. ಕೊನೆಯದನ್ನು ಕಾಲುಚೀಲದಲ್ಲಿ ಚೂರಿ ಸಿಕ್ಕಿಸಿಕೊಳ್ಳುವ ಸ್ಕಾಟಿಷರು ಆಗಾಗ ನೆನೆಯುತ್ತಾರೆ. ಕುಪ್ಪಸ ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡ ಮದುಮಗನೂ ಅದನ್ನೇ ನೆನೆಯಬಹುದು ಎಂದು ನಮಗೆ ತೋರುತ್ತದೆ. ಆದರೂ ಹಾಲ್ ತಲುಪುವವರೆಗೆ ಡಿಕ್ಕಿಯಲ್ಲಿ ಬೀಗ ಹಾಕಿಡುವುದು ಒಳ್ಳೆಯದು. ರಸ್ತೆಯಲ್ಲಿ ಪೊಲೀಸರಿಗೆ ಕೊಡವ ಸಂಸ್ಕೃತಿಯ ಪಾಠ ಹೇಳುವುದು ಸುಲಭವಲ್ಲ. ಗುರೂಜಿಯವರು ಟವೆಲಿನಲ್ಲಿ ಸುತ್ತಿ ತಂದದ್ದು ಇದೇ ಕಾರಣಕ್ಕೆ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಒಂದು ದಿನ ನಾವು ಗುರೂಜಿಯವರನ್ನು ಸಹಜವಾಗಿ, "ನಿಮ್ಮ ಕುಕ್ರಿ ಮಾಡಿದವರು ಯಾರು?" ಎಂದು ಕೇಳಿದೆವು. ಅಲ್ಲಿಯವರೆಗೆ ಗಳಗಳ ಮಾತಾಡುತ್ತಿದ್ದವರು ಒಮ್ಮೆಗೇ ಚುಟುಕಾದರು. "ಊರಿನ ಕಾಮಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಹೇಳಿದರು: "ಅವನು ನಮ್ಮ ಮನೆಯೊಳಗೆ ಬಂದದ್ದಿಲ್ಲ. ಅಂಗಳದಲ್ಲೇ ಕೂರುತ್ತಿದ್ದ. ಅವನು ಮುಟ್ಟಿದ ನೀರನ್ನು ನನ್ನ ತಾಯಿ ಚೆಲ್ಲುತ್ತಿದ್ದಳು."

ಕಾಮಿ ಎಂದರೆ ನೇಪಾಳದ ಕಮ್ಮಾರ. ಈಗ ವಿಶ್ವಕರ್ಮ ಎಂಬ ಅಡ್ಡಹೆಸರನ್ನು ಇಟ್ಟುಕೊಳ್ಳುವವರು ಬಹಳ. ಅವರ ಕುಲುಮೆಗೆ ಆರನ್ ಎನ್ನುತ್ತಾರೆ. ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿ ಈಗಿನ ಮುಖ್ಯ ಕಚ್ಚಾಮಾಲು. ಅದನ್ನು ಕಾಯಿಸಿ ಬಡಿದು ಬಾಗಿಸಿ ಆಕಾರ ತಂದ ಮೇಲೆ ಹದ ಹಾಕುವ ಘಳಿಗೆ ಬರುತ್ತದೆ. ಕೆಂಪಗೆ ಕಾದ ಅಲಗನ್ನು ಬಾನಿಯಲ್ಲಿ ಮುಳುಗಿಸುವುದಿಲ್ಲ. ಟೀ ಕಾಸುವಂಥ ಕೆಟಲಿನಿಂದ, ಅಂಚಿನುದ್ದಕ್ಕೂ ಮಾತ್ರ, ಸಣ್ಣ ಧಾರೆಯಾಗಿ ನೀರು ಹೊಯ್ಯುತ್ತಾರೆ. ಅಂಚು ಗಡುಸಾಗುತ್ತದೆ, ಬೆನ್ನು ಮೆದುವಾಗಿಯೇ ಉಳಿದು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಣ್ಣ ನೋಡಿ ಎಲ್ಲಿ ಶುರು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವುದಕ್ಕೆ ಇರುವ ಸಮಯ ಕೆಲವು ಕ್ಷಣ. ಸಣ್ಣ ಅಲಗಾದರೆ ಇನ್ನೂ ಕಷ್ಟ: ತೆಳುವಾದ ಲೋಹ ಬೇಗ ಆರುತ್ತದೆ, ನೀರು ಒಂದಿಷ್ಟು ಹೆಚ್ಚಾದರೆ ಬೆನ್ನೂ ಗಡುಸಾಗಿ ಬೀಸಿದಾಗ ಪಟ್ಟನೆ ಮುರಿಯುತ್ತದೆ. ಸಣ್ಣ ಕತ್ತಿ ಅಗ್ಗವಾಗಿರಬೇಕು ಎಂದು ಚೌಕಾಸಿ ಮಾಡಿದ್ದ ನಮಗೆ ಇದನ್ನು ತಿಳಿದಾಗ ನಾಚಿಕೆಯಾಯಿತು.

ಈ ಕೈಚಳಕದವರನ್ನು 1854ರಲ್ಲಿ ಜಂಗ್ ಬಹಾದೂರ್ ರಾಣಾ ತಂದ ಮುಲುಕಿ ಐನ್ ಎಂಬ ಕಾನೂನು ನೀರು ಮುಟ್ಟಬಾರದ, ಅಸ್ಪೃಶ್ಯ ಜಾತಿಗಳ ಪಟ್ಟಿಗೆ ಸೇರಿಸಿ ಬರೆದಿಟ್ಟಿತು. ಇಂಗ್ಲಿಷರು ಸೈನ್ಯಕ್ಕೆ ಜನ ಆರಿಸುವಾಗ ಮಗರ್, ಗುರುಂಗ್, ರಾಯಿ, ಲಿಂಬು ಎಂದು 'ಯುದ್ಧಕುಲ'ಗಳ ಪಟ್ಟಿ ಮಾಡಿಕೊಂಡರು. ಕುಕ್ರಿ ಹಿಡಿದವನು ಆ ಪಟ್ಟಿಯಲ್ಲಿದ್ದ, ಕುಕ್ರಿ ಮಾಡಿದವನು ಇರಲಿಲ್ಲ. ಊರಿನಲ್ಲಿ ಕಾಮಿಗೆ ದುಡ್ಡೂ ಇಲ್ಲ. ವರ್ಷವಿಡೀ ಕುಡುಗೋಲು, ಗುದ್ದಲಿ, ಕುಕ್ರಿ ಮಾಡಿ ಹದ ಹಾಕಿಕೊಟ್ಟರೆ ಸುಗ್ಗಿಯಲ್ಲಿ ಮನೆಗಿಷ್ಟು ಎಂದು ಕಾಳು. ಬಾಲಿ ಘರೆ ಎಂಬ ಈ ಪದ್ಧತಿಯ ಬಗ್ಗೆ ಓದಿದಾಗ ನಮ್ಮ ಹಳ್ಳಿಗಳ ಆಯಗಾರರು ನೆನಪಾದರು. ಕಣದಲ್ಲಿ ರಾಶಿ ಎತ್ತುವ ಮೊದಲು ಕಮ್ಮಾರ, ಬಡಗಿ, ಅಗಸರಿಗೆ ಆಯ ಅಳೆದು ಕೊಡುತ್ತಿದ್ದದ್ದನ್ನು ನಮ್ಮ ಹಿರಿಯ ಸದಸ್ಯರು ಕಣ್ಣಾರೆ ಕಂಡವರು. ಆದರೆ ಒಂದು ವ್ಯತ್ಯಾಸವಿದೆ. ಕರ್ನಾಟಕದಲ್ಲಿ ಕುಲುಮೆ ಕೆಲಸದ ವಿಶ್ವಕರ್ಮರು ಜನಿವಾರ ಹಾಕುತ್ತಾರೆ, ಯಾರೂ ಅವರನ್ನು ಅಸ್ಪೃಶ್ಯರೆಂದು ದೂರವಿಟ್ಟಿಲ್ಲ. ಅದೇ ಬೆಂಕಿ, ಅದೇ ಸುತ್ತಿಗೆ, ಅದೇ ವಿಶ್ವಕರ್ಮನ ಹೆಸರು; ಹಿಮಾಲಯದ ಬುಡದಲ್ಲಿ ಒಂದು ಅದೃಷ್ಟ, ಸಹ್ಯಾದ್ರಿಯ ಬುಡದಲ್ಲಿ ಇನ್ನೊಂದು. ಜಾತಿಗೆ ತರ್ಕ ಹುಡುಕುವವರು ಇದನ್ನು ವಿವರಿಸಲಿ ನೋಡೋಣ! ನಮ್ಮಲ್ಲಿ ಮಾದಿಗರು ಹೊಲಿದ ಚಪ್ಪಲಿ ಮೆಟ್ಟಿ ಅವರನ್ನು ಅಂಗಳದಾಚೆ ನಿಲ್ಲಿಸಿದ ಮನೆಗಳಿಂದಲೇ ಬಂದವರು ನಾವೂ ಆದ್ದರಿಂದ, ಗುರೂಜಿಯವರ ತಾಯಿಯ ಬಗ್ಗೆ ತೀರ್ಪು ಕೊಡುವ ಉತ್ಸಾಹ ನಮಗಿರಲಿಲ್ಲ.

1963ರ ಹೊಸ ಮುಲುಕಿ ಐನ್ ಅಸ್ಪೃಶ್ಯತೆಗೆ ಕಾನೂನಿನ ಆಸರೆಯನ್ನು ತೆಗೆಯಿತು. ಆಚರಣೆ ನಿಲ್ಲದೆ, 2011ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧವೆಂದು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಅಷ್ಟರಲ್ಲಿ, 2009ರಲ್ಲಿ, ಹಳೆಯ ಗೂರ್ಖಾ ಸೈನಿಕರಿಗೆ ಈ ದೇಶದಲ್ಲಿ ನೆಲೆಸುವ ಹಕ್ಕು ಸಿಕ್ಕಿ, ನಮ್ಮ ಆಲ್ಡರ್‌ಶಾಟ್, ಫಾರ್ನ್‌ಬರೋ ಕಡೆಗೆ ಅವರ ಕುಟುಂಬಗಳು ಬಂದವು. ಗುರೂಜಿಯವರೂ ಹಾಗೆ ಬಂದವರು. ಲಗನ್ ಸಿಲೇಖಾನೆಯಿಂದ ಹೊರಬಂದ ಹಳೆಯ ಕುಕ್ರಿಗಳ ಬೆನ್ನಿನ ಮೇಲೆ ದೇವನಾಗರಿಯಲ್ಲಿ ಕೊರೆದ ಅಕ್ಷರಗಳಿವೆಯೆಂದು ನಾವು ಅವರಿಗೆ ಹೇಳಿದೆವು. ಯಾವ ಪಲ್ಟನ್ನು, ಎಷ್ಟನೆಯ ನಂಬರು ಎಲ್ಲ ಇದೆ. ಮಾಡಿದವನ ಹೆಸರು ಸಾಮಾನ್ಯವಾಗಿ ಇಲ್ಲ. ಅವರು ತಮ್ಮ ಕುಕ್ರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆನ್ನಿನುದ್ದಕ್ಕೂ ನೋಡಿದರು. ಅಲ್ಲಿ ಏನೂ ಇರಲಿಲ್ಲ. "ಅವನ ಹೆಸರು ನನಗೆ ಗೊತ್ತು" ಎಂದು ಮೆಲ್ಲಗೆ ಹೇಳಿ, ಹೇಳಿದರು ಕೂಡ. ಇಲ್ಲಿ ಅಚ್ಚು ಹಾಕುವುದು ಬೇಡವೆಂದರು, ಏಕೆಂದರೆ ಆ ಮನೆಯವರು ಈಗ ಅಡ್ಡಹೆಸರು ಬದಲಿಸಿಕೊಂಡಿದ್ದಾರೆ.

ಕಳೆದ ಬೇಸಿಗೆಯಲ್ಲಿ ಅವರು ಊರಿಗೆ ಹೋದಾಗ ನಮಗೊಂದು ಕತ್ತಿ ಮಾಡಿಸಿ ತರಲು ಹೇಳಿದ್ದೆವು. ಆ ಹಳೆಯ ಕಾಮಿಯ ಮಗನೇ ಮಾಡಿದನಂತೆ. ಗುರೂಜಿ ಆರನ್ ಮುಂದೆ ಸ್ಟೂಲು ಹಾಕಿ ಕೂತು, ಅವರು ಕೊಟ್ಟ ಚಹಾ ಕುಡಿದು ಬಂದರಂತೆ. ಇದನ್ನು ಎರಡು ಸಲ ಹೇಳಿದರು. ವಿಮಾನದಲ್ಲಿ ಕೈಚೀಲಕ್ಕೆ ಹಾಕದೆ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿ ತಂದದ್ದು ಏಳಿಂಚಿನ ಅಲಗು. ಹೊಟ್ಟೆ ಅಗಲ, ಬಾಗು ಅಲ್ಪ, ಪೂರ್ಣ ಗಾತ್ರದ ಕೊಂಬಿನ ಹಿಡಿ. ತಕ್ಕಡಿಗೆ ಹಾಕಿ ನೋಡಿದೆವು, 340 ಗ್ರಾಮು. ಒರೆಯ ಹಿಂದೆ ನೆಟ್ಟನೆಯ ಕರ್ದ. ಬೆನ್ನಿನ ಮೇಲೆ, ಹಿಡಿಯ ಹತ್ತಿರ, ಉಳಿಯಿಂದ ಕೊರೆದ ಎರಡು ಪುಟ್ಟ ಅಕ್ಷರ. ಮಾಡಿದವನ ಹೆಸರಿನವು.

ಬರುವ ಯುಗಾದಿಯ ಊಟಕ್ಕೆ ತೆಂಗಿನಕಾಯಿ ಹದಿನೈದು ಸಾಕೆಂದು ಸಮಿತಿ ತೀರ್ಮಾನಿಸಿದೆ. ಒಡೆಯುವ ಕೆಲಸ ನಮಗೆ ಬಿಟ್ಟಿರಲಿ, ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆಯಲ್ಲಿರುತ್ತೇವೆ. ತುರಿಯುವ ಮಣೆ ಇದ್ದವರು ದಯವಿಟ್ಟು ತನ್ನಿ. ಹಳೆಯ ಐದಂಗುಲದ ಕುಕ್ರಿ ನಮ್ಮಲ್ಲೇ ಇದೆ. ಹಿಡಿಗೆ ಅಂಟು ಹಾಕಿದ್ದೇವೆ. ಕಾಗದದ ಲಕೋಟೆಗಳನ್ನು ಬಹಳ ಚೆನ್ನಾಗಿ ಬಿಡಿಸುತ್ತದೆ.